ಮೈಕ್‌ಸೆಟ್ಟಿನವರ ಡಿಸ್ಕೊ ಕಾಲ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿಗಳಿಗೆ ಡಿಸ್ಕೊ ಹಾಡನ್ನು ಕೇಳಿಸಿದವರು ಮೈಕ್‌ಸೆಟ್ಟಿನವರು. ಮದುವೆ, ಜಾತ್ರೆ, ಗಣೇಶನ ಹಬ್ಬ, ಪೌರಾಣಿಕ ನಾಟಕ, ಚುನಾವಣೆಯ ಪ್ರಚಾರ, ಹೀಗೆ ಜನ ಸೇರುವ ಕಡೆಗೆಲ್ಲ ಆಂಪ್ಲಿಫೈಯರ್, ಹಾರನ್ನು, ರೆಕಾರ್ಡ್ ಪ್ಲೇಯರುಗಳನ್ನು ಬಾಡಿಗೆಗೆ ತಂದು ಕಟ್ಟುವುದು ಅವರ ಕಸುಬು. ಯಾವ ಹಾಡು ಮೊದಲು, ಯಾವುದು ಆಮೇಲೆ, ಯಾವ ಹೊತ್ತಿಗೆ ಯಾವುದು ಸಲ್ಲದು ಎಂದು ತೀರ್ಮಾನಿಸುತ್ತಿದ್ದವರೂ ಅವರೇ. ಮಹಾನಗರಗಳ ಡಿಸ್ಕೊಥೆಕ್‌ಗಳಲ್ಲಿ ಡಿಜೆಗಳು ಮಾಡುತ್ತಿದ್ದುದರ ತಿರುಳೂ ಇದೇ ಆಗಿತ್ತು. 1980ರ ದಶಕದಲ್ಲಿ ಇಪ್ಪತ್ತು ಮೂವತ್ತರ ಹರೆಯದಲ್ಲಿದ್ದ ಮೈಕ್‌ಸೆಟ್ಟಿನವರು ಈಗ ಅರವತ್ತು ಎಪ್ಪತ್ತರ ವಯಸ್ಸಿನವರು. ಆ ತಲೆಮಾರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಅವರ ಕೆಲಸಕ್ಕೆ ಈ ಸೀಮೆಯ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗವನ್ನು ಗುರುತಿಸುವುದು ಅಗತ್ಯ.

ಡಿಜೆ ಎಂಬ ಕಸುಬಿನ ಹುಟ್ಟು

ಡಿಸ್ಕೊ ಎಂಬುದು ಹಾಡಿನ ಶೈಲಿಯಾಗುವ ಮೊದಲು ಕುಣಿಯುವ ಜಾಗದ ಹೆಸರಾಗಿತ್ತು. ವಾದ್ಯಗಾರರ ಬದಲು ರೆಕಾರ್ಡುಗಳನ್ನು ನುಡಿಸುವ ಸಭಾಂಗಣವೇ ಡಿಸ್ಕೊಥೆಕ್. ಅಮೆರಿಕದ ನ್ಯೂಯಾರ್ಕಿನಲ್ಲಿ 1970ರ ಫೆಬ್ರುವರಿಯಲ್ಲಿ ಡೇವಿಡ್ ಮಂಕೂಸೊ ತನ್ನ ಮನೆಯಲ್ಲೇ ಆರಂಭಿಸಿದ ಕೂಟಗಳು ಆ ಪದ್ಧತಿಗೆ ಹೊಸ ರೂಪ ಕೊಟ್ಟವು. ‘ದಿ ಲಾಫ್ಟ್’ ಎಂದು ಹೆಸರಾದ ಆ ಕೂಟಗಳಿಗೆ ಬರುತ್ತಿದ್ದವರಲ್ಲಿ ಕರಿಯರು, ಲ್ಯಾಟಿನ್ ಅಮೆರಿಕದ ಮೂಲದವರು, ಸಲಿಂಗಿಗಳು, ಬಡವರು ಹೆಚ್ಚಾಗಿದ್ದರು. ಅದೇ ನಗರದ ಫ್ರಾನ್ಸಿಸ್ ಗ್ರಾಸೊ ಎರಡು ರೆಕಾರ್ಡುಗಳ ಲಯವನ್ನು ಹೊಂದಿಸಿ, ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಬೆಸೆಯುವ ಕ್ರಮವನ್ನು ರೂಢಿಸಿದ. ಮಂಕೂಸೊ ಕ್ರಮೇಣ ಇದಕ್ಕೆ ವಿರುದ್ಧವಾದ ಹಾದಿ ಹಿಡಿದ. ಪ್ರತಿ ಹಾಡನ್ನೂ ಮೊದಲಿನಿಂದ ಕೊನೆಯವರೆಗೆ, ಕತ್ತರಿಸದೆ ಬೆರೆಸದೆ ನುಡಿಸಬೇಕು ಎಂಬುದು ಅವನ ನಿಲುವಾಯಿತು. ಹಾಡುಗಳ ಆಯ್ಕೆ ಮತ್ತು ಅವುಗಳ ಅನುಕ್ರಮವೇ ಅವನಿಗೆ ಕಲೆ.

ಈ ಪೀಳಿಗೆಯ ಡಿಜೆಗಳಿಗೆ ದೊರೆತ ಮನ್ನಣೆ ಗಮನಾರ್ಹವಾದುದು. ‘ಪ್ಯಾರಡೈಸ್ ಗ್ಯಾರೇಜ್’ ಎಂಬ ನೃತ್ಯಶಾಲೆಯ ಡಿಜೆ ಲ್ಯಾರಿ ಲೆವಾನ್ 1992ರಲ್ಲಿ, 38ನೇ ವಯಸ್ಸಿನಲ್ಲಿ ತೀರಿಕೊಂಡ. ಅವನು ನುಡಿಸಿದ ರಾತ್ರಿಗಳ ಧ್ವನಿಮುದ್ರಣಗಳನ್ನು ಅಭಿಮಾನಿಗಳು ಹುಡುಕಿ ಕಾಪಾಡಿದರು. ಶಿಕಾಗೊದ ಫ್ರಾಂಕಿ ನಕಲ್ಸ್ ಹೆಸರನ್ನು ಅವನು ಬದುಕಿದ್ದಾಗಲೇ, 2004ರಲ್ಲಿ, ಅಲ್ಲಿನ ಒಂದು ಬೀದಿಗೆ ಇಡಲಾಯಿತು. ಅವನು 2014ರಲ್ಲಿ ನಿಧನನಾದ. 2016ರ ನವೆಂಬರಿನಲ್ಲಿ ಮಂಕೂಸೊ ತೀರಿಕೊಂಡಾಗ ದೊಡ್ಡ ಪತ್ರಿಕೆಗಳು ಅವನ ಬಗ್ಗೆ ದೀರ್ಘವಾಗಿ ಬರೆದವು. ಸ್ವತಃ ಹಾಡದ, ವಾದ್ಯ ನುಡಿಸದ, ಬೇರೆಯವರ ಹಾಡುಗಳನ್ನು ಆರಿಸಿ ಕೇಳಿಸಿದ ಮನುಷ್ಯನೂ ಸಂಗೀತದ ಇತಿಹಾಸಕ್ಕೆ ಸೇರಿದವನು ಎಂಬ ಮಾತು ಅಲ್ಲಿ ಹೀಗೆ ನೆಲೆಗೊಂಡಿತು.

ಮೈಕ್‌ಸೆಟ್ ಬರುವ ಮುನ್ನ

ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರ ಮತ್ತು ಪೂರ್ವದ ಬಯಲುಸೀಮೆ. ಮಳೆ ಕಡಿಮೆ, ಬಂಡೆಗುಡ್ಡಗಳು ಹೆಚ್ಚು. ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ ದೂರದಿಂದಲೇ ಕಾಣುತ್ತವೆ. ಮೊಗಲರ ಕಾಲದಲ್ಲಿ ಸುಬಾ ಒಂದರ ಕೇಂದ್ರವಾಗಿದ್ದ ಸಿರಾದಲ್ಲಿ ದಖನಿ ಉರ್ದುವಿನ ಮನೆಗಳಿವೆ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ತೆಲುಗು ಮನೆಮಾತಾಗಿರುವವರು ಬಹಳ. ಭಾಷೆಯ ಈ ವೈವಿಧ್ಯ ಮುಂದೆ ಮೈಕ್‌ಸೆಟ್ಟಿನ ಹಾಡುಗಳ ಆಯ್ಕೆಯಲ್ಲೂ ಕಾಣಿಸಿಕೊಂಡಿತು.

ಯಂತ್ರದ ಧ್ವನಿ ಬರುವ ಮೊದಲೂ ಇಲ್ಲಿ ನಾದಕ್ಕೆ ಬರವಿರಲಿಲ್ಲ. ದೇವರ ಉತ್ಸವಕ್ಕೆ ತಮಟೆ, ಉರುಮೆ, ಮದುವೆಗೆ ಓಲಗ, ಕಾಡುಗೊಲ್ಲರ ಹಟ್ಟಿಗಳಲ್ಲಿ ಗಣೆ. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಕಾವ್ಯವನ್ನು ಬಿದಿರಿನ ಗಣೆಯ ನಾದದೊಂದಿಗೆ ಹಾಡುವವರು ಆ ವೀರನನ್ನು ತಲೆಮಾರುಗಳುದ್ದಕ್ಕೂ ಜೀವಂತವಾಗಿ ಉಳಿಸಿಕೊಂಡು ಬಂದಿದ್ದಾರೆ. ಇದರ ಜೊತೆಗೆ, ಗುಬ್ಬಿ ವೀರಣ್ಣನವರ ಕಂಪನಿ ಹುಟ್ಟಿದ ಈ ಜಿಲ್ಲೆಯಲ್ಲಿ ರೈತರೇ ಬಣ್ಣ ಹಚ್ಚಿ ಬೆಳಗಿನವರೆಗೆ ಆಡುವ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕಗಳ ಬಲವಾದ ಪರಂಪರೆಯಿದೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಂದಪದ್ಯಗಳನ್ನು ಕಲಿಸಿ ತಯಾರು ಮಾಡಿದ ನಾಟಕ ಬಯಲಲ್ಲಿ ಕುಳಿತ ಸಾವಿರಾರು ಜನರಿಗೆ ಕೇಳಬೇಕಾದರೆ ಬರಿಯ ಕಂಠ ಸಾಲದು. ಮೈಕ್‌ಸೆಟ್ಟಿಗೆ ಈ ಸೀಮೆಯಲ್ಲಿ ಬೇಗ ನೆಲೆ ಸಿಕ್ಕಿದ್ದಕ್ಕೆ ನಾಟಕವೂ ಒಂದು ಕಾರಣ.

ಸಾಮಾನು ಮತ್ತು ಅದರ ವಿದ್ಯೆ

ಮೈಕ್‌ಸೆಟ್ಟಿನಲ್ಲಿ ಮುಖ್ಯವಾದ ಸಾಮಾನು ನಾಲ್ಕು: ಮೈಕು, ಆಂಪ್ಲಿಫೈಯರ್, ಹಾರನ್ನು ಮತ್ತು ಹಾಡು ನುಡಿಸುವ ಯಂತ್ರ. 1940ರಲ್ಲಿ ಆರಂಭವಾದ ದೆಹಲಿಯ ಅಹುಜಾ ಕಂಪನಿಯ ಆಂಪ್ಲಿಫೈಯರುಗಳು ದೇಶದ ಎಲ್ಲೆಡೆಯಂತೆ ಇಲ್ಲೂ ಮನೆಮಾತಾದವು. ಮೊದಮೊದಲು ಬಂದವು ವಾಲ್ವ್‌ಗಳ ಆಂಪ್ಲಿಫೈಯರುಗಳು. ಅವು ಬಿಸಿಯೇರಿ ಧ್ವನಿ ಕೊಡಲು ಸ್ವಲ್ಪ ಹೊತ್ತು ಬೇಕಿತ್ತು. ಆಮೇಲೆ ಟ್ರಾನ್ಸಿಸ್ಟರಿನವು ಬಂದವು. ವಿದ್ಯುತ್ ಇಲ್ಲದ, ಇದ್ದರೂ ಯಾವಾಗ ಹೋಗುವುದೋ ತಿಳಿಯದ ಹಳ್ಳಿಗಳಿಗೆ 12 ವೋಲ್ಟಿನ ಬ್ಯಾಟರಿಯನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಹಾರನ್ನಿನ ಹಿಂಬದಿಗೆ ತಿರುಗಿಸಿ ಕೂರಿಸುವ ‘ಯೂನಿಟ್’ ಒಳಗೆ ತೆಳುವಾದ ಪೊರೆ, ಅದಕ್ಕಂಟಿದ ತಂತಿಯ ಸುರುಳಿ ಇರುತ್ತವೆ. ಧ್ವನಿ ಮಿತಿ ಮೀರಿದರೆ ಸುರುಳಿ ಸುಟ್ಟುಹೋಗುತ್ತದೆ. ‘ಸೌಂಡ್ ಜಾಸ್ತಿ ಕೊಡು’ ಎಂದು ಊರಿನವರು ಕೇಳುವುದು, ಯೂನಿಟ್ ಉಳಿಸಿಕೊಳ್ಳಲು ಮೈಕ್‌ಸೆಟ್ಟಿನವನು ಹಿಡಿತದಲ್ಲಿಡುವುದು, ಇದು ಪ್ರತಿ ಕಾರ್ಯಕ್ರಮದಲ್ಲೂ ನಡೆಯುವ ಚೌಕಾಸಿ.

ಹಾರನ್ನುಗಳನ್ನು ತೆಂಗಿನ ಮರಕ್ಕೋ ಹುಣಸೆ ಮರಕ್ಕೋ ದೇವಸ್ಥಾನದ ಮಾಳಿಗೆಗೋ ಕಟ್ಟುತ್ತಿದ್ದರು. ಒಂದನ್ನು ಊರೊಳಕ್ಕೆ, ಇನ್ನೊಂದನ್ನು ನೆಂಟರು ಬರುವ ದಾರಿಯ ಕಡೆಗೆ ತಿರುಗಿಸುವುದು ವಾಡಿಕೆ. ರಾತ್ರಿ ಮತ್ತು ನಸುಕಿನಲ್ಲಿ ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ ಧ್ವನಿ ಮೇಲಕ್ಕೆ ಚದರದೆ ನೆಲದತ್ತ ಬಾಗುತ್ತದೆ. ಹಗಲಲ್ಲಿ ಊರಾಚೆ ಕ್ಷೀಣಿಸುವ ಹಾಡು ಮುಂಜಾನೆ ಪಕ್ಕದ ಊರಿಗೂ ಸ್ಪಷ್ಟವಾಗಿ ಕೇಳುತ್ತಿದ್ದುದಕ್ಕೆ ಇದೇ ಕಾರಣ. ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿಯಲ್ಲಿ 1963ರಲ್ಲಿ ಬಂದ ವೆಂಕಟೇಶ ಸುಪ್ರಭಾತದ ರೆಕಾರ್ಡು ಎಷ್ಟೋ ಹಳ್ಳಿಗಳಿಗೆ ತಲುಪಿದ್ದು ಇಂಥ ನಸುಕಿನ ಗಾಳಿಯಲ್ಲಿ.

ಹಾಡಿನ ಯಂತ್ರವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ಪ್ಲೇಟುಗಳಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ಪ್ಲೇಟು ಮುಗಿದ ಕೂಡಲೇ ಮಗುಚಬೇಕು, ಮುಳ್ಳು ಬದಲಿಸಬೇಕು. ಹಾಗಾಗಿ ಮೈಕ್‌ಸೆಟ್ಟಿನವನು ಕೂತ ಜಾಗ ಬಿಟ್ಟು ಏಳುವಂತಿರಲಿಲ್ಲ. 1970ರ ಸುಮಾರಿಗೆ ಈ ಪ್ಲೇಟುಗಳ ತಯಾರಿಕೆ ನಿಂತಿತು. 45 ಸುತ್ತಿನ ಸಣ್ಣ ರೆಕಾರ್ಡು, 33 ಸುತ್ತಿನ ಎಲ್.ಪಿ. ಅವುಗಳ ಜಾಗಕ್ಕೆ ಬಂದವು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಿದ್ದ ಕ್ಯಾಸೆಟ್ 1980ರ ಹೊತ್ತಿಗೆ ಹಳ್ಳಿಯ ಕೈಗೆ ಸಿಕ್ಕಿ ಇಡೀ ಕಸುಬನ್ನೇ ಬದಲಿಸಿತು.

ಒಂದು ಮದುವೆಯ ಹಾಡುಗಳ ಸರದಿ

ಮೈಕ್‌ಸೆಟ್ಟಿನವನ ಆಯ್ಕೆಯ ವಿದ್ಯೆ ಪೂರ್ಣವಾಗಿ ಕಾಣುತ್ತಿದ್ದುದು ಮದುವೆಯಲ್ಲಿ. ಚಪ್ಪರ ಹಾಕಿದ ಸಂಜೆಯೇ ಹಾರನ್ನು ಏರುತ್ತಿತ್ತು. ಮೊದಲು ಗಣಪತಿಯ ಹಾಡು, ಆಮೇಲೆ ಮನೆದೇವರಿಗೆ ಸಲ್ಲುವ ಭಕ್ತಿಗೀತೆಗಳು. ಹಿರಿಯರು ಕೂತಿರುವ ಹೊತ್ತಿಗೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಡಾ. ರಾಜ್‌ಕುಮಾರ್ ದನಿಯ ಹಾಡುಗಳು. ಧಾರೆಯ ವೇಳೆಗೆ ಹಾಡು ನಿಲ್ಲಿಸಿ ಓಲಗಕ್ಕೆ ದಾರಿ ಬಿಡಬೇಕು. ಮುಯ್ಯಿ ಓದಿಸುವಾಗ ಮೈಕು ಹೆಸರುಗಳನ್ನು ಕೂಗುವವರ ಕೈಗೆ ಹೋಗುತ್ತದೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ತವರಿನ ಹಾಡು ಹಾಕಿ ಇಡೀ ಚಪ್ಪರದ ಕಣ್ಣು ಒದ್ದೆ ಮಾಡಬಲ್ಲವನೇ ಪಳಗಿದ ಮೈಕ್‌ಸೆಟ್ಟಿನವನು. ರಾತ್ರಿ ಮೆರವಣಿಗೆಯಲ್ಲಿ, ಹುಡುಗರು ಸುತ್ತುವರಿದಾಗ, ಹೊಸ ಸಿನಿಮಾದ ಬಿರುಸಿನ ಹಾಡುಗಳಿಗೆ ಸರದಿ.

ಸಾವಿನ ಮನೆ ಊರಲ್ಲಿದ್ದರೆ ಹಾರನ್ನು ಇಳಿಸುವುದು, ಪರೀಕ್ಷೆಯ ದಿನಗಳಲ್ಲಿ ಶಾಲೆಯ ಕಡೆಯ ಹಾರನ್ನನ್ನು ತಿರುಗಿಸುವುದು, ಎರಡು ಗುಂಪುಗಳಿರುವ ಊರಿನಲ್ಲಿ ಯಾರ ಮನಸ್ಸೂ ಕೆಡದಂತೆ ನಾಯಕನಟರ ಹಾಡುಗಳನ್ನು ಸರಿಸಮ ಹಂಚುವುದು, ಇವು ಯಾರೂ ಬರೆದಿಡದ ಕಟ್ಟಳೆಗಳು. ಇವನ್ನು ಅರಿತು ನಡೆಯುವವನಿಗೆ ಮುಂದಿನ ವರ್ಷದ ಜಾತ್ರೆಗೂ ಕರೆ ಬರುತ್ತಿತ್ತು. ಮಧುಗಿರಿಯ ದಂಡಿನ ಮಾರಮ್ಮ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮ, ನಾಗಲಮಡಿಕೆಯ ಸುಬ್ರಹ್ಮಣ್ಯ ಮುಂತಾದ ದೇವರುಗಳಿಗೆ ಜನ ನೆರೆಯುವ ಈ ಸೀಮೆಯಲ್ಲಿ ಭಕ್ತಿಗೀತೆ ಮತ್ತು ಸಿನಿಮಾ ಹಾಡು ಎರಡನ್ನೂ ಹದವರಿತು ನುಡಿಸಬಲ್ಲವನಿಗೆ ಕೆಲಸ ತಪ್ಪುತ್ತಿರಲಿಲ್ಲ.

ಡಿಸ್ಕೊ ಬಂದ ದಾರಿ

ಡಿಸ್ಕೊ ಭಾರತಕ್ಕೆ ಬಂದ ದಾರಿಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಬಿದ್ದು ಅಪ್ಪಯ್ಯ 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋಗಿ ಸಂಗೀತ ನಿರ್ಮಾಪಕರಾದರು. ಅವರು ನಿರ್ಮಿಸಿ, ಕಾರ್ಲ್ ಡಗ್ಲಾಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ 1974ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎರಡೂ ದೇಶಗಳಲ್ಲಿ ಮೊದಲ ಸ್ಥಾನಕ್ಕೇರಿತು. ಇನ್ನೊಬ್ಬರು ಬೆಂಗಳೂರಿನಲ್ಲೇ ಹುಟ್ಟಿದ ನಟ, ನಿರ್ದೇಶಕ ಫಿರೋಜ್ ಖಾನ್. ಅವರ ‘ಕುರ್ಬಾನಿ’ ಚಿತ್ರಕ್ಕಾಗಿ ಬಿದ್ದು ಹೊಸೆದ ಒಂದು ಹಾಡನ್ನು ಲಂಡನ್ನಿನಲ್ಲಿದ್ದ ಪಾಕಿಸ್ತಾನ ಮೂಲದ ಹದಿಹರೆಯದ ಹುಡುಗಿ ನಾಜಿಯಾ ಹಸನ್ ಹಾಡಿದಳು. 1980ರಲ್ಲಿ ಚಿತ್ರ ತೆರೆಕಂಡಾಗ ಆ ಹಾಡು ದೇಶವನ್ನೇ ಆವರಿಸಿತು. ಮರುವರ್ಷ ಬಿದ್ದು ಮತ್ತು ನಾಜಿಯಾ ಹೊರತಂದ ‘ಡಿಸ್ಕೊ ದಿವಾನೆ’ ಸಿನಿಮಾದ ಆಸರೆಯಿಲ್ಲದೆಯೇ ಜನಪ್ರಿಯವಾಯಿತು. 1982ರಲ್ಲಿ ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೊ ಡ್ಯಾನ್ಸರ್’ ಬಂತು.

ಇದೇ ಹೊತ್ತಿಗೆ ಡಿಸ್ಕೊ ತನ್ನ ತವರಿನಲ್ಲಿ ನಿಂದನೆಗೆ ಗುರಿಯಾಗಿತ್ತು. 1979ರ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಸ್ಫೋಟಿಸಿ ನಾಶ ಮಾಡಲಾಯಿತು. ಆ ದ್ವೇಷದಲ್ಲಿ ಕರಿಯರ, ಸಲಿಂಗಿಗಳ ಸಂಗೀತದ ಮೇಲಿನ ಅಸಹನೆಯೂ ಬೆರೆತಿತ್ತು ಎಂದು ಅನೇಕ ಇತಿಹಾಸಕಾರರು ಗುರುತಿಸಿದ್ದಾರೆ. ಅಲ್ಲಿ ಹೊರದೂಡಿಸಿಕೊಂಡ ಸಂಗೀತ ಇಲ್ಲಿ, ಅದರ ಮೂಲದ ಗೊಡವೆಯಿಲ್ಲದೆ, ಜಾತ್ರೆ ಮದುವೆಗಳ ಒಳಕ್ಕೆ ಬಂದು ಕೂತಿತು.

ಕನ್ನಡದಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜ ಸಂಗೀತದ ‘ಗೀತಾ’ 1981ರಲ್ಲಿ ಬಂದು ಯುವಕರ ಹಾಡಿನ ರುಚಿಯನ್ನು ಬದಲಿಸಿತು. ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ (1986) ಚಿತ್ರಕ್ಕೆ ಬಪ್ಪಿ ಲಾಹಿರಿಯೇ ಸಂಗೀತ ಕೊಟ್ಟರು. 1987ರಲ್ಲಿ ಬಂದ ರವಿಚಂದ್ರನ್ ಅವರ ‘ಪ್ರೇಮಲೋಕ’ ಹಂಸಲೇಖರ ಹೊಸ ಬಗೆಯ ಹಾಡುಗಳಿಂದ ಕ್ಯಾಸೆಟ್ಟಿನ ಮಾರುಕಟ್ಟೆಯನ್ನೇ ಹಿಗ್ಗಿಸಿತು. ಪಾವಗಡದ ಕಡೆಗೆ ಗಡಿಯಾಚೆಯ ಗಾಳಿಯೂ ಬಲವಾಗಿತ್ತು. ಚಿರಂಜೀವಿಯ ‘ಖೈದಿ’ (1983), ಬ್ರೇಕ್ ಡ್ಯಾನ್ಸಿಗೆ ಹೆಸರಾದ ‘ಪಸಿವಾಡಿ ಪ್ರಾಣಂ’ (1987), ಕೃಷ್ಣ ನಿರ್ಮಿಸಿ ನಟಿಸಿದ, ಬಪ್ಪಿ ಲಾಹಿರಿ ಸಂಗೀತದ ‘ಸಿಂಹಾಸನಂ’ (1986) ಅಂಥ ತೆಲುಗು ಚಿತ್ರಗಳು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳದೆ ಈ ಸೀಮೆಯಲ್ಲಿ ಮೈಕ್‌ಸೆಟ್ ನಡೆಸುವುದು ಕಷ್ಟವಾಗಿತ್ತು.

ಕ್ಯಾಸೆಟ್ ತಂದ ಬದಲಾವಣೆ

ಕ್ಯಾಸೆಟ್ಟಿನಿಂದ ಆಯ್ಕೆಯ ಅಧಿಕಾರ ಇನ್ನಷ್ಟು ವಿಸ್ತಾರವಾಯಿತು. ರೆಕಾರ್ಡಿನಲ್ಲಿ ಕಂಪನಿ ಜೋಡಿಸಿದ್ದೇ ಸರದಿ. ಕ್ಯಾಸೆಟ್ಟಿನಲ್ಲಿ ಹಾಗಲ್ಲ. ಪಟ್ಟಣದ ರೆಕಾರ್ಡಿಂಗ್ ಅಂಗಡಿಗೆ ಹಾಡುಗಳ ಪಟ್ಟಿ ಬರೆದುಕೊಟ್ಟರೆ 60 ಅಥವಾ 90 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದರು. ಮೈಕ್‌ಸೆಟ್ಟಿನವರು ಭಕ್ತಿಗೀತೆಗೆ ಒಂದು, ಮದುವೆಗೆ ಒಂದು, ಮೆರವಣಿಗೆಗೆ ಒಂದು ಎಂದು ತಮ್ಮದೇ ಸಂಗ್ರಹಗಳನ್ನು ಕಟ್ಟಿಕೊಂಡರು. ನ್ಯೂಯಾರ್ಕಿನ ಡಿಜೆ ಎರಡು ತಿರುಗುಮಣೆಗಳ ನಡುವೆ ಮಾಡುತ್ತಿದ್ದ ಜೋಡಣೆಯನ್ನು ಇವರು ಪೆನ್ನು ಕಾಗದ ಹಿಡಿದು, ಮುಂಚಿತವಾಗಿಯೇ ಮಾಡುತ್ತಿದ್ದರು. ಹಾಡನ್ನು ಕತ್ತರಿಸುವ, ಬೆರೆಸುವ ರೂಢಿ ಇವರಲ್ಲಿ ಇರಲಿಲ್ಲ. ಪೂರ್ತಿ ಹಾಡು, ಆಮೇಲೆ ಇನ್ನೊಂದು ಪೂರ್ತಿ ಹಾಡು. ಈ ವಿಷಯದಲ್ಲಿ ಮಂಕೂಸೊನ ಕ್ರಮಕ್ಕೂ ಬಯಲುಸೀಮೆಯ ಮೈಕ್‌ಸೆಟ್ಟಿನ ಕ್ರಮಕ್ಕೂ, ಒಬ್ಬರನ್ನೊಬ್ಬರು ಅರಿಯದಿದ್ದರೂ, ಹೊಂದಾಣಿಕೆಯಿತ್ತು.

ಡಿಸ್ಕೊ ಕೇಳಿಸುವುದರಲ್ಲಿ ಹಾರನ್ನಿಗೆ ಒಂದು ಮಿತಿಯಿತ್ತು. ಡಿಸ್ಕೊ ಹಾಡಿನ ಜೀವ ದೊಡ್ಡ ಡೋಲಿನ ಒಂದೇ ಸಮನಾದ ಪೆಟ್ಟು. ಅದು ಸೆಕೆಂಡಿಗೆ ಸುಮಾರು 50ರಿಂದ 100 ಕಂಪನಗಳ ತಗ್ಗು ನಾದ. ಲೋಹದ ಹಾರನ್ನು ಸುಮಾರು 300 ಕಂಪನಗಳಿಗಿಂತ ಕೆಳಗಿನದನ್ನು ಸರಿಯಾಗಿ ಹೊರಡಿಸಲಾರದು. ಹಾಗಾಗಿ ಹಳ್ಳಿಗೆ ತಲುಪಿದ ಡಿಸ್ಕೊದಲ್ಲಿ ಪೆಟ್ಟಿಗಿಂತ ದನಿ, ಚಪ್ಪಾಳೆ, ಎಲೆಕ್ಟ್ರಾನಿಕ್ ವಾದ್ಯಗಳ ಚೂಪು ಸ್ವರಗಳೇ ಮುಂದಿದ್ದವು. ಕುಣಿಯಲು ಬೇಕಾದ ತಗ್ಗು ನಾದವನ್ನು ತಮಟೆಯವರು ತುಂಬಿಕೊಟ್ಟ ಮೆರವಣಿಗೆಗಳಲ್ಲಿ ಯಂತ್ರದ ಹಾಡೂ ಚರ್ಮವಾದ್ಯವೂ ಪಕ್ಕಪಕ್ಕದಲ್ಲೇ ಸಾಗಿದವು. ಮರದ ಪೆಟ್ಟಿಗೆಯ ದೊಡ್ಡ ಸ್ಪೀಕರುಗಳು ಬಂದ ಮೇಲೆಯೇ ಡಿಸ್ಕೊದ ಪೆಟ್ಟು ಎದೆಗೆ ತಾಗಿದ್ದು. ಬಣ್ಣದ ಸೀರಿಯಲ್ ಸೆಟ್ ದೀಪಗಳು, ಶಾಲಾ ವಾರ್ಷಿಕೋತ್ಸವದ ಡಿಸ್ಕೊ ಡ್ಯಾನ್ಸು, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಗಡಿ ಭಾಗದ ರೆಕಾರ್ಡ್ ಡ್ಯಾನ್ಸು, ಎಲ್ಲವೂ ಈ ಕಾಲದ ಬೆಳೆ. ನಗರದ ನೃತ್ಯಶಾಲೆಯ ಬಾಗಿಲು ದುಡ್ಡಿದ್ದವರಿಗೆ ಮಾತ್ರ ತೆರೆಯುತ್ತಿತ್ತು. ಮೈಕ್‌ಸೆಟ್ಟಿನ ಡಿಸ್ಕೊವನ್ನು ಚಪ್ಪರದೊಳಗೆ ಕರೆಯಿಸಿಕೊಳ್ಳದವರೂ, ಕೇರಿಯಾಚೆ ನಿಂತವರೂ, ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೂ ಕೇಳಿದರು. ಈ ಕಸುಬಿನ ಸಾಮಾಜಿಕ ಮಹತ್ವ ಇರುವುದು ಇಲ್ಲಿ.

ಇಳಿಗಾಲ

1990ರ ದಶಕದಲ್ಲಿ ಮನೆಮನೆಗೆ ಟಿ.ವಿ. ಮತ್ತು ಟೇಪ್ ರೆಕಾರ್ಡರ್ ಬಂದು ಹಾಡು ಕೇಳಲು ಜಾತ್ರೆಗೆ ಕಾಯಬೇಕಾದ ಅಗತ್ಯ ಇಲ್ಲವಾಯಿತು. ಆಮೇಲೆ ಸಿ.ಡಿ., ಪೆನ್‌ಡ್ರೈವ್, ಮೊಬೈಲ್ ಒಂದರ ಹಿಂದೆ ಒಂದು ಬಂದವು. ಸಾವಿರಾರು ಹಾಡುಗಳು ಯಾರ ಕೈಗಾದರೂ ಸಿಗುವಂತಾದಾಗ ಸಂಗ್ರಹ ಇಟ್ಟುಕೊಂಡವನ ವಿಶೇಷ ಸ್ಥಾನ ಹೋಯಿತು. ಪಟ್ಟಣಗಳ ಕಲ್ಯಾಣ ಮಂಟಪಗಳಲ್ಲಿ ಸ್ಪೀಕರುಗಳು ಗೋಡೆಗೇ ಸೇರಿಕೊಂಡವು. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ ಎಂಬ ಕಟ್ಟನ್ನು ಸುಪ್ರೀಂ ಕೋರ್ಟ್ 2005ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ರೋಗಿಗಳು, ಮಕ್ಕಳು, ವಯಸ್ಸಾದವರ ನೆಮ್ಮದಿಗೆ ಇದು ಬೇಕಾಗಿದ್ದ ಕಾನೂನು. ಬೆಳಗಾಗುವವರೆಗೆ ನಡೆಯುವ ನಾಟಕ, ಮೆರವಣಿಗೆಗಳನ್ನು ನೆಚ್ಚಿಕೊಂಡಿದ್ದವರ ದುಡಿಮೆಗೆ ಇದರಿಂದ ಪೆಟ್ಟು ಬಿದ್ದುದೂ ನಿಜ.

‘ಡಿಜೆ’ ಎಂಬ ಮಾತು ಈ ಸೀಮೆಯಲ್ಲಿ ಈಗ ಮನುಷ್ಯನಿಗಿಂತ ಯಂತ್ರಕ್ಕೆ ಸಲ್ಲುತ್ತಿದೆ. ಟ್ರ್ಯಾಕ್ಟರ್ ಅಥವಾ ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರುಗಳ ಸೆಟ್ಟಿಗೆ ಜನ ಡಿಜೆ ಎನ್ನುತ್ತಾರೆ. ಗಣೇಶನ ಹಬ್ಬ ಬಂತೆಂದರೆ ಅದಕ್ಕೆ ಅನುಮತಿ ಇದೆಯೋ ಇಲ್ಲವೋ ಎಂಬುದೇ ಶಾಂತಿಸಭೆಗಳ ಮುಖ್ಯ ಚರ್ಚೆ. ಮೊದಲೇ ಬೆರೆಸಿಟ್ಟ ಹಾಡುಗಳ ಕಡತ ಅದರಲ್ಲಿ ಓಡುತ್ತಿರುತ್ತದೆ. ಜನರ ಮುಖ ನೋಡಿ ಮುಂದಿನ ಹಾಡು ಯಾವುದೆಂದು ನಿರ್ಧರಿಸುವ ಕೆಲಸಕ್ಕೆ ಅಲ್ಲಿ ಅವಕಾಶ ಕಡಿಮೆ.

ನೆನೆಯುವ ಕ್ರಮ

ಆ ಕಾಲದ ಹಾಡುಗಳನ್ನು ಕೊಟ್ಟ ಹೆಸರಾಂತರ ಸಾವಿಗೆ ನಾಡು ಮಿಡಿದಿದೆ. 1990ರಲ್ಲಿ ಶಂಕರ್‌ನಾಗ್, 2000ದಲ್ಲಿ ನಾಜಿಯಾ ಹಸನ್, 2009ರಲ್ಲಿ ತಾವು ಹುಟ್ಟಿದ ಬೆಂಗಳೂರಿನಲ್ಲೇ ಫಿರೋಜ್ ಖಾನ್, 2020ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ, 2022ರಲ್ಲಿ ಬಪ್ಪಿ ಲಾಹಿರಿ ತೀರಿಕೊಂಡಾಗ ಪತ್ರಿಕೆಗಳು ಪುಟಗಳನ್ನು ಮೀಸಲಿಟ್ಟವು. ಅವರ ಹಾಡುಗಳನ್ನು ಊರೂರಿಗೆ ಮುಟ್ಟಿಸಿದವನ ಹೆಸರಿಗೆ ರೆಕಾರ್ಡಿನ ಕವರಿನಲ್ಲೂ ಮದುವೆಯ ಲಗ್ನಪತ್ರಿಕೆಯಲ್ಲೂ ಜಾಗವಿರಲಿಲ್ಲ. ಹಾರನ್ನಿನ ಮೇಲೆ ಬಣ್ಣದಲ್ಲಿ ಬರೆಸಿದ ಅಂಗಡಿಯ ಹೆಸರೇ ಅವನ ಸಹಿ. ಅದೂ ಬಹುತೇಕ ಮನೆದೇವರ ಹೆಸರಾಗಿರುತ್ತಿತ್ತು.

ಇವರನ್ನು ನೆನೆಯಲು ಬೇಕಾದ ಸಾಮಗ್ರಿ ಇನ್ನೂ ಪೂರ್ತಿ ಅಳಿದಿಲ್ಲ. ಅಟ್ಟದ ಮೇಲಿನ ವಾಲ್ವ್ ಆಂಪ್ಲಿಫೈಯರ್, ಸೊಟ್ಟಗಾದ ಹಾರನ್ನು, ಗೀಚುಬಿದ್ದ ಪ್ಲೇಟುಗಳು ಗುಜರಿಗೆ ಹೋಗುವ ಮೊದಲು ಸಂಗ್ರಹಕ್ಕೆ ಸೇರಬೇಕು. ಇವುಗಳಿಗಿಂತ ಬೆಲೆಯುಳ್ಳದ್ದು ಕ್ಯಾಸೆಟ್ಟುಗಳ ಮೇಲಿನ ಕೈಬರಹದ ಪಟ್ಟಿ. ಯಾವ ದೇವರ ಹಾಡಿನ ಹಿಂದೆ ಯಾವ ಸಿನಿಮಾ ಹಾಡು, ಕನ್ನಡ ಎಷ್ಟು, ತೆಲುಗು ಎಷ್ಟು, ಉರ್ದು ಹಿಂದಿ ಎಷ್ಟು ಎಂಬುದು ಅದರಲ್ಲಿದೆ. ಒಂದು ಸೀಮೆಯ ಜನ ಒಟ್ಟಾಗಿ ಏನು ಕೇಳಿದರು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಸಿಗುವುದು ಕಷ್ಟ. ಕಾಂತಪಟ್ಟಿಯ ಮೇಲಿನ ಧ್ವನಿ ವರ್ಷ ಕಳೆದಂತೆ ಸವೆಯುತ್ತದೆ, ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಅದನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ ತಡಮಾಡುವಂಥದ್ದಲ್ಲ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಬದುಕಿರುವವರ ಮಾತನ್ನು ಮುದ್ರಿಸಿಕೊಳ್ಳುವುದು. ಹಾರನ್ನನ್ನು ಯಾವ ದಿಕ್ಕಿಗೆ ತಿರುಗಿಸುತ್ತಿದ್ದರು, ಬಾಡಿಗೆ ಹೇಗೆ ಕುದುರಿಸುತ್ತಿದ್ದರು, ಯಾವ ಕೇರಿಗೆ ಮೈಕ್‌ಸೆಟ್ ಯಾವಾಗ ಮೊದಲು ಹೋಯಿತು, ಯಾವ ಹಾಡಿಗೆ ಜನ ಎದ್ದು ಕುಣಿದರು, ಯಾವ ಹಾಡಿಗೆ ಜಗಳವಾಯಿತು ಎಂಬುದನ್ನು ಹೇಳಬಲ್ಲವರು ಅವರು ಮಾತ್ರ. ತುಮಕೂರು ವಿಶ್ವವಿದ್ಯಾನಿಲಯ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಗಣೆಯ ಹಾಡುಗಾರರಿಗೆ, ತತ್ವಪದಕಾರರಿಗೆ ಸಲ್ಲುವ ಗಮನವನ್ನು ಮೈಕ್‌ಸೆಟ್ಟಿನವರಿಗೂ ಕೊಡಬಹುದು. ನಾಲ್ಕೂ ತಾಲ್ಲೂಕುಗಳ ಶಾಲಾ ಕಾಲೇಜು ಮಕ್ಕಳು ತಮ್ಮ ತಮ್ಮ ಊರಿನ ಮೈಕ್‌ಸೆಟ್ಟಿನವರ ಕಥೆಯನ್ನು ಬರೆದುಕೊಂಡರೂ ಒಂದು ಒಳ್ಳೆಯ ಆರಂಭ ಆಗುತ್ತದೆ. ಹಾಡಿದವರ ಚರಿತ್ರೆಯ ಜೊತೆಗೆ ಹಾಡನ್ನು ಆರಿಸಿ ಕೇಳಿಸಿದವರ ಚರಿತ್ರೆಯೂ ಸೇರಿದಾಗಲೇ ಆ ಕಾಲದ ಸಂಗೀತದ ಚಿತ್ರ ಪೂರ್ಣವಾಗುತ್ತದೆ.